ಆಂಟಿ ಪೂರ್ತಿ ಹೊಲಿದ ಲಂಗ

ಕಳೆದ ವಾರ ನೆಲಮಂಗಲದ ಆಲ್ಟರೇಷನ್ ಅಂಗಡಿಯೊಂದರ ಮುಂದೆ ನಿಂತಿದ್ದೆ. ಹೊಲಿಗೆ ಮೆಷಿನ್ನಿಗೆ ಆಗಷ್ಟೇ ಎಣ್ಣೆ ಬಿಟ್ಟಿದ್ದರು. ಆ ಎಣ್ಣೆಯ ವಾಸನೆ, ಜೊತೆಗೆ ಇಸ್ತ್ರಿಪೆಟ್ಟಿಗೆಯಡಿ ಬೆಚ್ಚಗಾದ ಬಟ್ಟೆಯ ವಾಸನೆ... ಒಮ್ಮೆಗೇ ದೊಡ್ಡಬಳ್ಳಾಪುರದ ನಮ್ಮ ಬೀದಿಗೆ, ಪಕ್ಕದ ಮನೆಯ ಗಾರ್ಮೆಂಟ್ಸ್ ಆಂಟಿಯ ಹಜಾರಕ್ಕೆ ಹೋಗಿಬಿಟ್ಟೆ.

ಅಂಗಡಿಗೆ ಹೋಗಿದ್ದು ಎಂದಿನ ಕೆಲಸಕ್ಕೇ. ನಾನು ಕುಳ್ಳಿ. ಯಾವ ಬಟ್ಟೆ ಕೊಂಡರೂ ಕಾಲ ಹತ್ತಿರ ಒಂದು ಗೇಣು ಕತ್ತರಿಸದೆ ಹಾಕಿಕೊಂಡವಳಲ್ಲ. ಡಿಗ್ರಿ ಕೊನೇ ವರ್ಷದಲ್ಲಿದ್ದಾಗ ಒಂದು ಮದುವೆಯಲ್ಲಿ ಹಿರಿಯರೊಬ್ಬರು ನನ್ನ ಗಲ್ಲ ಹಿಂಡಿ, "ಯಾವ ಕ್ಲಾಸು ಪುಟ್ಟಿ?" ಅಂದಿದ್ದರು. ಮೈಯೆಲ್ಲ ಉರಿದುಹೋಗಿತ್ತು. ಅದಕ್ಕೇ ಚಿಕ್ಕಪ್ಪನ ಮಗಳ ಮದುವೆ ಗೊತ್ತಾದಾಗ ಹಟ ಹಿಡಿದೆ. ನನ್ನ ಅಳತೆಗೇ ಹೊಲಿದ, ವಯಸ್ಸಿಗೆ ಬಂದ ಹೆಣ್ಣಿನಂತೆ ಕಾಣಿಸುವ ಉದ್ದಲಂಗ ಬೇಕು ಅಂದೆ. ಅಮ್ಮ ಸೆರಗು ಹರಿದಿದ್ದ ತನ್ನ ಹಸಿರು ರೇಷ್ಮೆ ಸೀರೆಯನ್ನು ಒಲ್ಲದ ಮನಸ್ಸಿನಿಂದಲೇ ಕೊಟ್ಟಳು.

ಆಂಟಿ ಊರಾಚೆಯ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದರು. ಬೆಳಗ್ಗೆ ವ್ಯಾನು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಬೀದಿಯ ಹೆಂಗಸರೆಲ್ಲ ಒಂದಲ್ಲ ಒಂದು ಸಲ ರವಿಕೆ ಬಟ್ಟೆ ಹಿಡಿದು ಅವರ ಬಾಗಿಲಿಗೆ ಹೋದವರೇ. "ಪುರುಸೊತ್ತಿಲ್ಲ ಕಣಮ್ಮ" ಎಂದು ಎಲ್ಲರನ್ನೂ ಕಳಿಸಿಬಿಡುತ್ತಿದ್ದರು. ಜಂಬ ಎಂದು ಬೀದಿಯೆಲ್ಲ ಆಡಿಕೊಂಡಿತು. ನನಗೂ ಅದೇ ಉತ್ತರ ಸಿಗುತ್ತದೆ ಎಂದುಕೊಂಡೇ ಹೋಗಿದ್ದೆ. ಆದರೆ ಅವರು ಸೀರೆಯನ್ನು ಕೈಗೆತ್ತಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇರ್ಲಿ, ಬಿಟ್ಟೋಗು" ಅಂದರು. ಸೊಂಟಕ್ಕೆ ದಾರ ಸುತ್ತಿ, ಅಳತೆಗೆ ಗಂಟು ಹಾಕಿ ಇಟ್ಟುಕೊಂಡರು.

ಭಾನುವಾರ ಕರೆದರು. ಚೂಡಿದಾರದ ಮೇಲೇ ಲಂಗ ಏರಿಸಿಕೊಂಡೆ. ಕೈ ಬಿಟ್ಟೆ. ಅದು ಜಾರಿ ನೇರ ನೆಲಕ್ಕೆ ಬಿತ್ತು.

ಎತ್ತಿ ಹಿಡಿದು ನೋಡಿದರೆ ನನ್ನಂಥವರು ಇಬ್ಬರು ಅದರೊಳಗೆ ಇಳಿಯಬಹುದಿತ್ತು. ಅಮ್ಮನ ಸೀರೆ ಕತ್ತರಿಸಿ ಆಗಿತ್ತು, ಮದುವೆ ಹತ್ತಿರ ಬಂದಿತ್ತು. ವಿಚಿತ್ರವೆಂದರೆ ಸೊಂಟದ ಪಟ್ಟಿಯ ಹೊಲಿಗೆ ಮಾತ್ರ ಗೆರೆ ಎಳೆದ ಹಾಗಿತ್ತು. ಪಕ್ಕದ ಜೋಡಣೆ, ಕೆಳಗಿನ ಅಂಚು ಎಲ್ಲ ನಿನ್ನೆ ಮೊನ್ನೆ ಸೂಜಿ ಹಿಡಿದವರ ಕೆಲಸ. ಒಬ್ಬರೇ ಹೊಲಿದದ್ದು ಎಂದು ನಂಬುವುದಕ್ಕೇ ಆಗುತ್ತಿರಲಿಲ್ಲ.

ಆಂಟಿಯ ಮುಖ ಬಿಳಿಚಿಕೊಂಡಿತ್ತು. ಬಾಗಿಲು ಮುಂದಕ್ಕೆಳೆದು ಮೆಲ್ಲಗೆ ಹೇಳಿದರು. "ಯಾರ್ಗೂ ಹೇಳ್ಬೇಡ ಕಣೆ. ನಂಗೆ ಹೊಲ್ಯೋಕೆ ಬರಲ್ಲ."

ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಫ್ಯಾಕ್ಟರಿಯ ಅವರ ಲೈನಿನಲ್ಲಿ ಒಬ್ಬರು ಹೊಲಿಯುವುದು ಜೇಬು, ಒಬ್ಬರು ಜಿಪ್ಪು, ಇನ್ನೊಬ್ಬರು ಅಂಚು. ಸೇರಿದ ದಿನ ಇವರನ್ನು ಪ್ಯಾಂಟಿಗೆ ಸೊಂಟದ ಪಟ್ಟಿ ಕೂರಿಸುವ ಮೆಷಿನ್ನಿಗೆ ಹಾಕಿದರಂತೆ, ಅವತ್ತಿನಿಂದ ಬರೀ ಆ ಪಟ್ಟಿ, ಅವರ ಮಾತಿನಲ್ಲಿ ಬೆಲ್ಟು. ಅದನ್ನೂ ಬೇರೆ ಯಾರೋ ಕತ್ತರಿಸಿ ಕೊಡುತ್ತಿದ್ದರು, ಯಾವುದೋ ದೇಶದ ದೊಡ್ಡ ಸೊಂಟಗಳಿಗೆ. "ನಿನ್ನಳತೆ ದಾರ ಮುಂದೇನೇ ಇಟ್ಕೊಂಡಿದ್ದೆ. ಕೈ ಮಾತ್ರ ಕಂಪ್ನಿ ಅಳತೆಗೋಗ್ಬಿಡ್ತು" ಅಂದರು. ಇಷ್ಟು ವರ್ಷದಲ್ಲಿ ಪೂರ್ತಿ ಬಟ್ಟೆ ಎಂದು ಒಂದನ್ನೂ ಹೊಲಿದಿರಲಿಲ್ಲ! ಹಾಗಾದರೆ ನನ್ನ ಸೀರೆ ಯಾಕೆ ಇಸ್ಕೊಂಡ್ರಿ ಎಂದು ರೇಗಿದೆ.

"ಸಾಯೋದ್ರೊಳ್ಗೆ ಒಂದಾದ್ರೂ ಪೂರ್ತಿ ನಾನೇ ಹೊಲೀಬೇಕು ಅಂತ ಆಸೆ ಕಣೆ. ನೀನು ಚಿಕ್ಕೋಳು, ತಪ್ಪಾದ್ರೂ ಚಿಕ್ದಾಗಿರುತ್ತೆ ಅಂದ್ಕೊಂಡೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ... ನನಗೆ ನಗು ಬಂತು, ಅವರಿಗೆ ಅಳು ಬಂತು.

ಅಲ್ಲಿಂದ ಮದುವೆಯವರೆಗೂ ಸಂಜೆಯಾದರೆ ಇಬ್ಬರೂ ಆ ಹಜಾರದಲ್ಲಿ ಕೂತೆವು. ಬಿಚ್ಚುವುದು ನನ್ನ ಪಾಲು, ಹೊಲಿಯುವುದು ಅವರದು. ನಾನು ಮೆಷಿನ್ ಮುಟ್ಟಲು ಹೋದರೆ ಕೈಮೇಲೆ ಏಟು ಬೀಳುತ್ತಿತ್ತು, ಒಂದು ಹೊಲಿಗೆಯೂ ಬೇರೆಯವರದಾಗಬಾರದು. ಸುತ್ತಲೂ ನಿರಿಗೆ ಕೊಟ್ಟಾಗ ನಾನು ಡೋಲಿನ ಹಾಗೆ ಕಂಡೆ, ಬಿಚ್ಚಿದೆವು. ಮುಂದೆ ಸಪಾಟಾಗಿ ಬಿಟ್ಟು, ನಿರಿಗೆಗಳನ್ನು ಪಕ್ಕಕ್ಕೆ ಸರಿಸಿ, ಸೊಂಟದಿಂದ ಕೆಳಕ್ಕೆ ಅದುಮಿ ಹೊಲಿದರು. ಅಗಲವಾದ ಜರಿ ಅಂಚು ನನ್ನ ಇರುವಷ್ಟು ಎತ್ತರವನ್ನೂ ನುಂಗುತ್ತಿತ್ತು, ಅದರ ಅರ್ಧವನ್ನು ಒಳಕ್ಕೆ ಮಡಚಿದರು. ಪಟ್ಟಿಯನ್ನು ಹೊಕ್ಕುಳಿಗಿಂತ ಮೇಲೆ ಕೂರಿಸಿದ ಮೇಲೆ ಕನ್ನಡಿಯಲ್ಲಿ ನನಗೂ ಉದ್ದ ಕಾಲುಗಳಿದ್ದವು. ಆಂಟಿ ನನ್ನ ಸುತ್ತ ಒಂದು ಸುತ್ತು ಬಂದರು, ಮಂಡಿಯೂರಿ ಅಂಚನ್ನು ಸವರಿದರು. "ಪೂರ್ತಿ ನಾನೇ ಅಲ್ವಾ?" ಅಂದರು. ಪೂರ್ತಿ ನೀವೇ ಆಂಟಿ ಅಂದೆ.

ಆ ಮದುವೆಯಲ್ಲಿ ಯಾರೂ ನನ್ನ ಕ್ಲಾಸು ಕೇಳಲಿಲ್ಲ. ಆಂಟಿಯ ಗುಟ್ಟನ್ನು ನಾನೂ ಬಿಟ್ಟುಕೊಡಲಿಲ್ಲ. ಆಮೇಲೆ ನನ್ನ ಮದುವೆ, ಈ ಊರು, ಮಕ್ಕಳು... ತವರಿಗೆ ಹೋದಾಗ ಒಮ್ಮೊಮ್ಮೆ ಕಾಂಪೌಂಡಿನಾಚೆಯಿಂದ ಕೈ ಬೀಸುತ್ತಿದ್ದರು, ಅಷ್ಟೇ.

ಅಂಗಡಿಯ ಮುಂದೆ ನಿಂತೇ ಅಮ್ಮನಿಗೆ ಫೋನ್ ಮಾಡಿದೆ. ಆಂಟಿ ಹೇಗಿದ್ದಾರೆ ಎಂದು ಕೇಳಿದೆ.

"ಅಯ್ಯೋ, ಅವ್ರು ಹೋಗ್ಬಿಟ್ರಲ್ಲ. ಯುಗಾದಿ ಆದ್ಮೇಲೆ... ನಿಂಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಮ್ಮ ಹಾಲಿನವನು ಬರಲಿಲ್ಲ ಎನ್ನುವಷ್ಟು ಸಲೀಸಾಗಿ ಹೇಳಿದ್ದಳು. ಆಮೇಲೆ ಏನಾದರೂ ಹೊಲಿದರಾ, ಒಂದು ರವಿಕೆಯಾದರೂ, ಎಂದು ಕೇಳಿದೆ. "ಎಲ್ಲಿ, ಕೊನೇವರ್ಗೂ ಪುರುಸೊತ್ತಿಲ್ಲ ಅಂತಲೇ ಅಂದ್ರು. ನಿಂಗೊಬ್ಳಿಗೇ ಹೊಲ್ಕೊಟ್ಟಿದ್ದು."

ಆ ಲಂಗವನ್ನು ಬೀರುವಿನಿಂದ ತೆಗೆದಿಡು, ನಾಳೆಯೇ ಬರ್ತೀನಿ ಅಂದೆ.

"ಅದಾ... ಪಾತ್ರೆಯೋಳು ಬಂದಿದ್ಲು ಕಣೆ, ಹಳೇ ಜರಿ ಬಟ್ಟೆ ತಗೋತಾಳಲ್ಲ. ಸುಮ್ನೆ ಬಿದ್ದಿತ್ತು ಅಂತ ಹಾಕ್ಬಿಟ್ಟೆ. ಒಳ್ಳೇ ಸ್ಟೀಲ್ ಡಬ್ಬಿ ಕೊಟ್ಲು. ಅದ್ರಲ್ಲೇ ಅಲ್ವಾ ನಿಂಗೆ ಚಟ್ನಿಪುಡಿ ಕಳ್ಸಿದ್ದು?"

ಅವತ್ತು ಬೆಳಗ್ಗೆ ಇಡ್ಲಿಗೆ ಆ ಡಬ್ಬಿಯಿಂದಲೇ ಚಟ್ನಿಪುಡಿ ಹಾಕಿಕೊಂಡು ತಿಂದು ಬಂದಿದ್ದೆ. ಆಂಟಿ ಕೂರಿಸಿದ ಬೆಲ್ಟುಗಳು ಎಲ್ಲೆಲ್ಲೋ ಯಾರ್ಯಾರ ಸೊಂಟದಲ್ಲೋ ಈಗಲೂ ಇರುತ್ತವೆ. ಅವರು ಪೂರ್ತಿ ಹೊಲಿದ ಒಂದೇ ಒಂದು ಬಟ್ಟೆ ಮಾತ್ರ ಇಲ್ಲ.