ಸುಮಾರಾದ ದ್ರಾಕ್ಷಿ

ನಾನು ಕೆಲಸಕ್ಕಿದ್ದ ಗಾಳಿಯಂತ್ರದ ಕಂಪನಿ ತಮಿಳುನಾಡಿನ ತೇನಿಯ ಕಚೇರಿಗೆ ಬೀಗ ಹಾಕಿದಾಗ ನಾನು ಕಂಬಂನಲ್ಲಿ ಒಬ್ಬ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿದ್ದೆ. ಮಂಡ್ಯದಿಂದ ಬಂದ ಎಂಜಿನಿಯರಿಗೆ ಅವರು ಕೋಣೆ ಕೊಟ್ಟದ್ದು ನಾನು ಕನ್ನಡ ಮಾತಾಡುತ್ತೇನೆಂಬ ಒಂದೇ ಕಾರಣಕ್ಕೆ. ಅವರ ಹಿರೀಕರು ಯಾವ ಕಾಲದಲ್ಲೋ ಕನ್ನಡ ಕಟ್ಟಿಕೊಂಡು ಈ ಕಣಿವೆಗೆ ಇಳಿದವರು. ನನ್ನ ಕನ್ನಡ ಕೇಳಿ ಅವರು ನಗುತ್ತಿದ್ದರು, ಅವರದ್ದು ಕೇಳಿ ನಾನು. ಪಕ್ಕದ ಮನೆಯವರು "ಹೊಸಬ ಹೆಂಗೆ?" ಎಂದು ಕೇಳಿದರೆ ನನ್ನೆದುರೇ "ಸುಮಾರಾಗವ್ನೆ" ಎನ್ನುತ್ತಿದ್ದರು. ಹೊತ್ತುಹೊತ್ತಿಗೆ ಕರೆದು ಬಡಿಸುವವರಿಗೆ ಒಂದು ಒಳ್ಳೆಯ ಮಾತಿಗೆ ಏನು ಬರವೋ ಎಂದು ನನಗೆ ಮೈ ಉರಿಯುತ್ತಿತ್ತು.

ಆ ವರ್ಷ ಅವರ ತೋಟದಲ್ಲಿ ಪನ್ನೀರ್ ದ್ರಾಕ್ಷಿ ಮೈತುಂಬ ಬಿಟ್ಟಿತ್ತು. ಪ್ರತಿ ವರ್ಷ ಕೊಳ್ಳುತ್ತಿದ್ದ ವ್ಯಾಪಾರಿ ಮಾತ್ರ ಬರಲಿಲ್ಲ. ಬೆಟ್ಟದ ಮೇಲೆ ಮೋಡ ಕೂತಿತ್ತು. ಮಳೆ ಹೊಡೆದರೆ ಹಣ್ಣು ಒಡೆಯುತ್ತದೆ, ಒಡೆದ ಹಣ್ಣನ್ನು ನೊಣ ಬಿಟ್ಟು ಯಾರೂ ಕೇಳುವುದಿಲ್ಲ. ಅದು ತೀರಿಕೊಂಡ ಗಂಡ ನೆಟ್ಟ ಬಳ್ಳಿ. ಈ ಸಲ ಕೈಕೊಟ್ಟರೆ ಕಿತ್ತು ತೆಂಗು ಹಾಕುತ್ತೇನೆಂದು ಅಕ್ಕ ಮೈದುನನಿಗೆ ಮಾತು ಕೊಟ್ಟುಬಿಟ್ಟಿದ್ದರು.

ಕುಮುಳಿ ಕಡೆ ಹೋಗುವ ಅಯ್ಯಪ್ಪ ಭಕ್ತರ ವ್ಯಾನುಗಳೆಲ್ಲ ತೋಟದ ಮುಂದೆಯೇ ಹಾದುಹೋಗುತ್ತವೆ. ನನಗೋ ಕೆಲಸವಿಲ್ಲ. ಒಂದು ತಗಡಿನ ಹಲಗೆಯ ಮೇಲೆ 'ಕಣಿವೆಯಲ್ಲೇ ಇಂಥ ಸಿಹಿ ಇಲ್ಲ' ಎಂದು ತಮಿಳಿನಲ್ಲಿ ಬರೆದು ರಸ್ತೆಗೆ ನಿಲ್ಲಿಸಿದೆ. ಅಕ್ಕ ನೋಡಿದವರೇ ಸಗಣಿ ಎತ್ತಿ ಅದರ ಮೇಲೆ ಬಳಿದರು.

"ಬಳ್ಳಿಯಾಗೆ ಹಣ್ಣಿರುವಾಗ ಹಿಂಗೆಲ್ಲ ಹೊಗಳ್ತಾರಾ ತಂಬಿ? ಕಣ್ಣು ಬಿದ್ದುಬುಡ್ತದೆ!"

ಆ ಮನೆಗಳಲ್ಲಿ ಹಾಗೇ. ಕೊಯ್ಯುವ ತನಕ ಬೆಳೆಯನ್ನು ಚೆನ್ನಾಗಿದೆ ಎನ್ನುವಂತಿಲ್ಲ. ತೊಟ್ಟಿಲ ಕೂಸನ್ನೂ ಹಾಲು ಕೊಡುವ ಹಸುವನ್ನೂ ಅಷ್ಟೇ.

"ಮತ್ತೇನು ಬರೀಲಿ ಅಕ್ಕಾ? ಹುಳಿ ಅಂತ ಬರೀಲಾ?"

"ಹುಳಿ ಯಾಕೆ? ಸುಮಾರಾ ಅದೆ ಅಂತ ಬರಿ."

ಸಿಟ್ಟಿನಲ್ಲಿ ಹಾಗೇ ಬರೆದೆ. 'ದ್ರಾಕ್ಷಿ ಸುಮಾರಾಗಿದೆ.' ದೊಡ್ಡ ಅಕ್ಷರದಲ್ಲಿ.

ಮೊದಲ ವ್ಯಾನು ಮುಂದೆ ಹೋಗಿ ಹಿಂದಕ್ಕೆ ಬಂತು. ಭಕ್ತರ ಮುಂದಾಳು ಗುರುಸ್ವಾಮಿ ಇಳಿದು, ಸುಮಾರಾದ್ದನ್ನು ಹಲಗೆ ಹಾಕಿ ಮಾರುವ ಮಹಾನುಭಾವ ಯಾರೆಂದು ನೋಡಬೇಕು ಎಂದರು. ಒಂದು ಹಣ್ಣು ಬಾಯಿಗೆ ಹಾಕಿಕೊಂಡರು. ಆಮೇಲೆ ವ್ಯಾನಿನಲ್ಲಿದ್ದವರೆಲ್ಲ ಇಳಿದರು. ಹಲಗೆಯ ಪಕ್ಕ ನಿಂತು ಸೆಲ್ಫಿ ತೆಗೆದು ವಾಟ್ಸಾಪಿನಲ್ಲಿ ಹಾಕಿದರು, ಹಿಂದೆ ಬರುತ್ತಿದ್ದ ವ್ಯಾನುಗಳೂ ನಿಂತವು. ಮಳೆ ಬಂದಾಗ ತೋಟದಲ್ಲಿ ಎಲೆ ಮಾತ್ರ ಇತ್ತು. ಬಳ್ಳಿ ಉಳಿಯಿತು.

ಸ್ವಲ್ಪ ದಿನಕ್ಕೆ ಮಿಠಾಯಿ ಅಂಗಡಿಯವರೊಬ್ಬರು ಹುಡುಕಿಕೊಂಡು ಬಂದು, ತಮ್ಮ ಹಲ್ವಾವನ್ನೂ ಒಂಚೂರು ತೆಗಳಿಕೊಡಿ ಎಂದರು. ಹೀಗೆ ನಾನು ಜಾಹೀರಾತಿನವನಾದೆ. ತೇನಿಯಲ್ಲಿ ಒಂದು ಕಚೇರಿ, ದಿಂಡಿಗಲ್ಲಿನಲ್ಲಿ ಇನ್ನೊಂದು. ಕಣಿವೆಯಲ್ಲಿ ಈ ಕಸುಬಿಗೆ ಇವನೇ ಮೊದಲಿಗ ಎಂದು ಜನ ಕರೆದರು, ನಾನು ಬೇಡವೆನ್ನಲಿಲ್ಲ. ವ್ಯಾಪಾರದ ಬಗ್ಗೆ ಒಂದು ಪುಸ್ತಕವನ್ನೂ ಬರೆದೆ. ಗ್ರಾಹಕರ ಮನಸ್ಸನ್ನು ಆಳವಾಗಿ ಅಭ್ಯಾಸ ಮಾಡಿ ಆ ಹಲಗೆಯನ್ನು ರೂಪಿಸಿದೆ ಎಂದು ಅದರಲ್ಲಿದೆ. ಸಗಣಿಯ ವಿಷಯಕ್ಕೆ ಜಾಗ ಸಾಲಲಿಲ್ಲ.

ಪುಸ್ತಕದ ಬಿಡುಗಡೆ ದಿಂಡಿಗಲ್ಲಿನಲ್ಲಾಯಿತು. ಮಾತಾಡಿದವರೆಲ್ಲ ನನ್ನನ್ನು ಅಟ್ಟಕ್ಕೇರಿಸಿದರು. ಮುಂದಿನ ಸಾಲಿನಲ್ಲಿ ಅಕ್ಕ ಮುಳ್ಳಿನ ಮೇಲೆ ಕೂತವರ ಹಾಗೆ ಚಡಪಡಿಸುತ್ತಿದ್ದರು. ಯಾರಾದರೂ ಹೊಗಳಿದಾಗಲೆಲ್ಲ ಸೆರಗಿನ ಮರೆಯಲ್ಲಿ ನೆಟಿಗೆ ಮುರಿಯುತ್ತಿದ್ದರು. ಕೊನೆಗೆ ಅವರ ಕೈಗೇ ಮೈಕು ಕೊಟ್ಟು, ಇವರ ಬಗ್ಗೆ ಎರಡು ಮಾತು ಹೇಳಿ ಎಂದರು. ಅಕ್ಕ ಎದ್ದು ನಿಂತು ನನ್ನನ್ನೊಮ್ಮೆ ನೋಡಿದರು.

"ಸುಮಾರಾಗವ್ನೆ" ಎಂದರು. ಮೈಕು ವಾಪಸು ಕೊಟ್ಟು ಕೂತರು.

ಸಭೆ ಗೊಳ್ಳೆಂದು ನಕ್ಕಿತು. ನನಗೆ ತೊಟ್ಟಿಲ ಕೂಸಿನ ಮಾತು ನೆನಪಾಯಿತು. ಅಯ್ಯೋ, ಮಹಡಿ ಕೋಣೆಗೆ ಬಂದ ಮೊದಲ ವಾರದಿಂದಲೂ ಈ ಅಕ್ಕ ಇದನ್ನೇ ಹೇಳುತ್ತಿದ್ದರಲ್ಲ!