ಕೇಳದೆ ತುಂಬಿದ ಫಾರ್ಮು

ನನ್ನ ಕೈಕೆಳಗೆ ಸಮೀಕ್ಷೆಯ ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನ ಒಂದೇ ಕೆಲಸ ಕೊಡುತ್ತಿದ್ದೆ. ಒಂದು ಖಾಲಿ ಫಾರ್ಮು ತೆಗೆದುಕೊಂಡು ಹೋಗಿ, ನಿಮ್ಮ ಮನೆಯದನ್ನೇ ತುಂಬಿಕೊಂಡು ಬನ್ನಿ. ಎಂ.ಎ. ಮಾಡಿ ಬಂದ ಹುಡುಗರು ಮುಸಿಮುಸಿ ನಕ್ಕು, ಅಲ್ಲೇ ಕುಳಿತು ಪೆನ್ನಿನ ಟೋಪಿ ತೆಗೆಯುತ್ತಿದ್ದರು. "ಇಲ್ಲಿ ಬ್ಯಾಡ್ರಿ. ಮನಿಗೆ ಹೋಗ್ರಿ, ಕೇಳಿ ತುಂಬ್ರಿ" ಎಂದು ಎಬ್ಬಿಸಿ ಕಳಿಸುತ್ತಿದ್ದೆ. ಸಮಾಜಶಾಸ್ತ್ರಕ್ಕೆ ಸಂಖ್ಯಾಶಾಸ್ತ್ರ ಯಾಕೆ ಬೇಕು ಎಂದು ಹೇಳುತ್ತಲೇ ನನ್ನ ಆಯುಷ್ಯ ಕಳೆಯಿತು. ಚೆನ್ನಾಗಿಯೇ ಹೇಳಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಈ ಮೊದಲ ದಿನದ ಪಾಠ ಮಾತ್ರ ಯಾವ ಪುಸ್ತಕದಿಂದಲೂ ಬಂದದ್ದಲ್ಲ, ನಮ್ಮ ಅವ್ವನಿಂದ ಬಂದದ್ದು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹಾನಗಲ್ಲಿನ ಒಬ್ಬ ಶಾಲಾ ಮಾಸ್ತರರ ಹಿರಿಮಗಳು. ಹಿರಿಮಗಳು ಎಂದರೆ ಸುಮ್ಮನೆಯೇ? ಇಬ್ಬರು ತಮ್ಮಂದಿರ ಕಿವಿ ಹಿಂಡುವುದರಿಂದ ಹಿಡಿದು ಅಪ್ಪನಿಗೆ ಎದುರಾಡುವ ತನಕ ಎಲ್ಲ ಹಕ್ಕೂ ನನ್ನದು. "ನಮ್ಮ ಹಿರೇಮಗಳ ದರ್ಬಾರ ಮುಗಿಯೂತನಕ ಈ ಮನ್ಯಾಗ ಯಾರೂ ಬಾಯಿ ತಗಿಯಂಗಿಲ್ಲ" ಎಂದು ಅವ್ವ ನಗುತ್ತಿದ್ದಳು. ಮನೆಗೆ ಮೊದಲು ಬಂದವಳಿಗೆ ಮನೆಯದೆಲ್ಲ ಗೊತ್ತಿರುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ಧಾರವಾಡದಲ್ಲಿ ಓದು ಮುಗಿಸುತ್ತಲೇ ನಮ್ಮ ಪ್ರಾಧ್ಯಾಪಕರು ಒಂದು ಸಮೀಕ್ಷೆಯ ಕೆಲಸ ಕೊಟ್ಟರು. ಹಾನಗಲ್, ಹಿರೇಕೆರೂರು, ಸವಣೂರು, ಶಿಗ್ಗಾಂವಿ ತಾಲೂಕುಗಳಲ್ಲಿ ಎಷ್ಟು ಕೂಸುಗಳು ಹುಟ್ಟುತ್ತವೆ, ವರ್ಷ ತುಂಬುವ ಮೊದಲೇ ಎಷ್ಟು ಹೋಗುತ್ತವೆ ಎಂದು ಮನೆಮನೆಗೆ ಹೋಗಿ ಕೇಳಬೇಕು. ಎಲ್ಲಿ ಸಾವು ಹೆಚ್ಚೋ ಅಲ್ಲಿಗೆ ಸರಕಾರದಿಂದ ಒಂದು ಹೆರಿಗೆ ಕೇಂದ್ರ, ಒಬ್ಬ ನರ್ಸಮ್ಮ. ನಾಲ್ಕು ತಾಲೂಕಿಗೆ ಸೇರಿ ಒಂದೇ ಕೇಂದ್ರ. ಗಂಡಸರು ಹೋಗಿ ಕೇಳಿದರೆ ಹೆಂಗಸರು ಬಾಗಿಲ ಮರೆಗೆ ಸರಿಯುತ್ತಿದ್ದರು, ಅದಕ್ಕೇ ನನಗೆ ಈ ಕೆಲಸ ಸಿಕ್ಕಿದ್ದು. ಮದುವೆಯಾಗದ ಹುಡುಗಿ ಒಬ್ಬಳೇ ಊರೂರು ತಿರುಗುವುದು ಹೇಗೆ ಎಂದು ಅಪ್ಪ ಅಡ್ಡಗಾಲು ಹಾಕಿದರು. "ನಾ ಹೋಗ್ತೇನಿ ಬಿಡ್ರಿ ಅಕಿ ಕೂಡ" ಎಂದಳು ಅವ್ವ. ತಮ್ಮಂದಿರನ್ನು ಅಜ್ಜಿಗೆ ಒಪ್ಪಿಸಿ, ಬುತ್ತಿಗಂಟು ಹಿಡಿದು ಹೊರಟೇಬಿಟ್ಟಳು. ಓದುಬರಹ ಬಾರದ ಅವ್ವ ಹೀಗೆ ಸಮೀಕ್ಷೆಗೆ ಸೇರಿದಳು.

ಯಾವ ಮನೆಗೆ ಹೋಗಬೇಕು ಎನ್ನುವುದು ನಮ್ಮ ಇಷ್ಟವಲ್ಲ. ಪ್ರಾಧ್ಯಾಪಕರು ನನಗೊಂದು ದಪ್ಪ ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಅಕ್ಷರವೇ ಇಲ್ಲ, ಪುಟದ ತುಂಬ ಹಿಂದುಮುಂದಿಲ್ಲದ ಅಂಕಿಗಳು. ಊರ ಮನೆಗಳಿಗೆಲ್ಲ ನಂಬರು ಹಾಕಿ, ಪುಸ್ತಕದಲ್ಲಿ ಯಾವ ಅಂಕಿ ಬಂತೋ ಆ ಮನೆಗೆ ಹೋಗುವುದು, ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ. ಜನ ಅದಕ್ಕೆ ಪಂಚಾಂಗ ಎಂದೇ ಹೆಸರಿಟ್ಟರು. ಆಡೂರಿನ ಕಡೆ ಒಬ್ಬ ಗೌಡರು ತಮ್ಮ ಕಟ್ಟೆಯ ಮೇಲಿಂದಲೇ ಕೂಗಿದರು: "ನಮ್ಮ ಮನಿ ಬಿಟ್ಟು ಆ ಮೂಲಿ ಗುಡಿಸಲಕ್ಕ ಹೊಂಟೀರಲ್ಲ ಅಕ್ಕಾರ, ನಿಮ್ಮ ಪಂಚಾಂಗದಾಗ ನಾವು ಬರಂಗಿಲ್ಲೇನು?"

"ಈ ಪಂಚಾಂಗಕ್ಕ ಗೌಡ್ರೂ ಅಷ್ಟರಿ, ಗೌಡ್ರ ಆಳೂ ಅಷ್ಟ" ಎಂದೆ. ಅವ್ವ ಗಾಬರಿಯಾಗಿ ನನ್ನ ಸೆರಗು ಜಗ್ಗಿದಳು. ಗೌಡರು ಮಾತ್ರ ಗಹಗಹಿಸಿ ನಕ್ಕು ಚಹಾ ಕುಡಿಸಿಯೇ ಕಳಿಸಿದರು.

ಹಾನಗಲ್ಲಿನ ಸರದಿ ಬಂದಾಗ ಪಂಚಾಂಗ ನಮ್ಮ ಮನೆಯ ನಂಬರನ್ನೇ ತೆಗೆಯಿತು. ನಿಯಮ ಎಂದರೆ ನಿಯಮ, ಬಿಡುವಂತಿಲ್ಲ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲೇ ಮಣೆ ಹಾಕಿಕೊಂಡು ಫಾರ್ಮು ತುಂಬಿದೆ. ತಾಯಿಗೆ ಹುಟ್ಟಿದ ಮಕ್ಕಳು: ಮೂರು. ತೀರಿಕೊಂಡವು: ಇಲ್ಲ. ಬದುಕಿರುವ ಮಕ್ಕಳು ಹುಟ್ಟಿದ ಕ್ರಮ ಎಂಬ ಸಾಲಿನಲ್ಲಿ ನನ್ನ ಮುಂದೆ ಒಂದು, ತಮ್ಮಂದಿರ ಮುಂದೆ ಎರಡು, ಮೂರು.

"ಏನ ಬರಿಯಾಕತ್ತೀಯವಾ?" ಎಂದಳು ಅವ್ವ.

"ನಿನ್ನ ಸಂಸಾರ."

"ಹೌದೇನು? ಬರಿ, ಬರಿ" ಎಂದು ಅವಳು ರೊಟ್ಟಿ ತಿರುವಿ ಹಾಕಿದಳು. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಇಡೀ ಸಮೀಕ್ಷೆಯಲ್ಲಿ ಒಂದು ತಪ್ಪೂ ಇರಲಾರದ ಫಾರ್ಮು ಇದು ಎಂದು ನನಗೆ ನಗುವೇ ಬಂತು.

ಸವಣೂರಿನಲ್ಲಿ ಆಗಲೇ ನರ್ಸಮ್ಮ ಇದ್ದಳು. ಅಲ್ಲಿ ಎಲೆ ವ್ಯಾಪಾರದವರ ಮನೆಯ ಒಬ್ಬ ಹೆಂಗಸು ನಾನು ಕೇಳುವ ಮೊದಲೇ, "ನನ್ನವು ಎರಡು ಹ್ವಾದವ್ರಿ, ನರ್ಸಮ್ಮ ಬುಕ್ಕಿನಾಗ ಬರಕೊಂಡಾಳ" ಎಂದಳು. ಆ ಊರಿನ ಎಷ್ಟೋ ಮನೆಗಳಲ್ಲಿ ಇದೇ ಉತ್ತರ. ಕಡೆಗೆ ಶಿಗ್ಗಾಂವಿ ತಾಲೂಕು. ಹಿರೇಬೆಂಡಿಗೇರಿ ದಾಟಿ ಹೊಲದ ದಾರಿಯಲ್ಲಿ ನಡೆದರೆ ಸಿಗುವ ಒಂದು ಸಣ್ಣ ಹಳ್ಳಿ. ನರ್ಸು ಹಾಗಿರಲಿ, ಚಕ್ಕಡಿಗೆ ಸರಿಯಾದ ದಾರಿ ಕೂಡ ಇರಲಿಲ್ಲ. ಅಲ್ಲಿ ಮನೆಯಿಂದ ಮನೆಗೆ ಕೇಳಿದರೂ ಸತ್ತ ಕೂಸುಗಳು ಇಲ್ಲವೆನ್ನುವಷ್ಟು ಕಡಿಮೆ! ನಾನು ಹಿಗ್ಗಿ ಪ್ರಾಧ್ಯಾಪಕರಿಗೆ ಕಾರ್ಡು ಬರೆದೆ. ಇಲ್ಲಿಯ ಗಾಳಿ, ನೀರು, ತಾಯಂದಿರ ಆರೈಕೆ ಎಂದು ಕಾರಣಗಳನ್ನೂ ಜೋಡಿಸಿದೆ. ಅವರ ಉತ್ತರ ಬಂತು. ಹಾಗಾದರೆ ಆ ಕಡೆಗೆ ಕೇಂದ್ರದ ಅಗತ್ಯವಿಲ್ಲ, ತಿಂಗಳ ಕೊನೆಗೆ ವರದಿಯಲ್ಲಿ ಹಾಗೆಯೇ ಬರೆಯುತ್ತೇನೆ ಎಂದಿದ್ದರು.

ಆ ಹಳ್ಳಿಯಲ್ಲಿ ಕೀಲಿ ಹಾಕಿದ್ದ ಮೂರ್ನಾಲ್ಕು ಮನೆಗಳು ಉಳಿದಿದ್ದವು. ಅವನ್ನು ಮುಗಿಸಲು ಮತ್ತೆ ಹೋದೆವು. ಒಬ್ಬ ಹೆಣ್ಣುಮಗಳು ಆಗಷ್ಟೇ ಕಳೆ ತೆಗೆದು ಬಂದು ಕೈಕಾಲು ತೊಳೆಯುತ್ತಿದ್ದಳು. ನನಗಿಂತ ಸಣ್ಣವಳೇ ಇರಬೇಕು. "ಎಷ್ಟು ಮಕ್ಕಳು?" "ಎರಡರಿ." "ತೀರಿಕೊಂಡ ಮಕ್ಕಳು ಅದಾವೇನು?" "ಇಲ್ರಿ ಅಕ್ಕಾರ." ಬರೆದುಕೊಂಡೆ. ಅವ್ವ ಎಂದಿನಂತೆ ಹೊಸ್ತಿಲ ಮೇಲೆ ಕುಳಿತು ಅವಳ ಅತ್ತೆಯ ಜೊತೆ ಎಲೆ ಅಡಿಕೆ ಹಾಕುತ್ತಿದ್ದಳು.

ತಿರುಗಿ ಬರುವಾಗ ಅವ್ವ ತನ್ನಷ್ಟಕ್ಕೆ ಅಂದಳು: "ಪಾಪ, ನಾಕು ಬಾಣಂತನ ಮಾಡಿಸಿಕೊಂಡಾಳ ಹುಡುಗಿ. ಎರಡು ಉಳದಾವ."

ನಾನು ನಿಂತೆ. "ಯಾವ ಹುಡುಗಿ?"

"ಈಗ ಬಂದಿವಲ್ಲ, ಅಕೀನ."

"ನನ್ನ ಮುಂದ ಯಾರೂ ಸತ್ತಿಲ್ಲ ಅಂದ್ಲಲ್ಲ!"

"ನೀ ಮಕ್ಕಳು ಸತ್ತಾವೇನು ಅಂತ ಕೇಳಿದಿ. ತೊಟ್ಟಲದಾಗ ಹಾಕಿ ಹೆಸರ ಇಡೂಕಿಂತ ಮೊದಲ ಹ್ವಾದ ಕೂಸಿಗೆ ಮಕ್ಕಳು ಅಂತಾರೇನವಾ? ಅದರ ಸುದ್ದಿ ತಗದ್ರ ಇದ್ದವಕ್ಕ ದೃಷ್ಟಿ ಆಕ್ಕೈತಿ ಅಂತ ಯಾರೂ ಬಾಯಿ ಬಿಡಂಗಿಲ್ಲ. ನಾನು ಎಷ್ಟು ಬಾಣಂತನ ಆದುವು ಅಂತ ಕೇಳಿದೆ. ಬಾಣಂತನ ಯಾಕ ಮುಚ್ಚಿಡ್ತಾರ?"

ನರ್ಸಮ್ಮ ಇದ್ದ ಊರಲ್ಲಿ ಅವಳು ಬರೆದುಕೊಂಡಿದ್ದರಿಂದ ಹೋದ ಕೂಸುಗಳು ಲೆಕ್ಕಕ್ಕೆ ಬಂದಿದ್ದವು. ಯಾರೂ ದಿಕ್ಕಿಲ್ಲದ ಹಳ್ಳಿಯಲ್ಲಿ ಹುಟ್ಟಿದ ಗುರುತೂ ಇಲ್ಲದೆ ಹೋಗಿದ್ದವು. ಎಲ್ಲಿ ನರ್ಸು ಎಲ್ಲಕ್ಕಿಂತ ಹೆಚ್ಚು ಬೇಕಿತ್ತೋ ಅಲ್ಲಿಗೇ ಬೇಡ ಎಂದು ನನ್ನ ಕೈಯಾರೆ ಬರೆದು ಕಳಿಸಿದ್ದೆ, ಗಾಳಿ ನೀರಿನ ಹೊಗಳಿಕೆ ಸಮೇತ. ನನಗೆ ನಾಚಿಕೆಯಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿಬಿಟ್ಟರೆ ತಿಂಗಳುಗಟ್ಟಲೆ ತುಂಬಿದ ಫಾರ್ಮುಗಳೆಲ್ಲ ರದ್ದಿ, ಬಹುಶಃ ಕೆಲಸವೂ ಹೋಗುತ್ತಿತ್ತು. ಮರುದಿನ ಅವ್ವನನ್ನು ಹಾನಗಲ್ಲಿನ ಬಸ್ಸು ಹತ್ತಿಸಿ ನಾನು ಧಾರವಾಡಕ್ಕೆ ಹೋದೆ.

ಪ್ರಾಧ್ಯಾಪಕರು ಪೂರ್ತಿ ಕೇಳಿದರು. ಬೈಯಲಿಲ್ಲ. "ನಿಮ್ಮ ಅವ್ವಾರು ಹೇಳಿದ್ದು ಖರೇ ಇರಬಹುದು. ಆದ್ರ ಒಬ್ಬರ ಮಾತಿನ ಮ್ಯಾಲ ನಾಲ್ಕು ತಾಲೂಕು ಮತ್ತ ತಿರುಗ್ರಿ ಅಂತ ನಾ ಹ್ಯಾಂಗ ಹೇಳ್ಲಿ? ಹತ್ತು ಮನಿಗೆ ಹೋಗಿ ಅವರ ಪ್ರಶ್ನೆ ಕೇಳಿ ಬಾ. ಮೊದಲ, ಯಾವ ಫಾರ್ಮು ಬದಲಾಗೂದ ಇಲ್ಲ ಅಂತ ನಿನಗ ಖಾತ್ರಿ ಐತಿ, ಆ ಮನಿಗೆ ಹೋಗು" ಎಂದರು.

ಖಾತ್ರಿ ಇದ್ದ ಮನೆ ಯಾವುದೆಂದು ಯೋಚಿಸುವ ಅಗತ್ಯವೇ ಇರಲಿಲ್ಲ.

ನಾನು ಹಾನಗಲ್ಲಿಗೆ ಬಂದು ಇಳಿದಾಗ ಮಧ್ಯಾಹ್ನ. ಅವ್ವ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಹತ್ತು ಮನೆ ಮತ್ತೆ ಕೇಳಬೇಕಂತೆ, ಮೊದಲು ನಮ್ಮದೇ ಎಂದು ಹೇಳಿ, ಎದುರಿಗೆ ಕುಳಿತು ನಮ್ಮ ಮನೆಯ ಫಾರ್ಮು ಬಿಚ್ಚಿದೆ. ಸಾಹೇಬರ ದನಿ ಮಾಡಿ, ಚೇಷ್ಟೆಯಿಂದಲೇ ಕೇಳಿದೆ: "ಏನ್ರಿ ಅವ್ವಾರ, ನಿಮಗೆಷ್ಟು ಬಾಣಂತನ ಆದುವು?"

"ಐದು" ಎಂದಳು ಅವ್ವ.

ಅವಳ ಬೆರಳುಗಳು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದವು. "ಮೊದಲಿಂದು ತವರಮನ್ಯಾಗ. ಹೆಣ್ಣು. ಒಂಬತ್ತು ದಿನ ಇತ್ತು. ಎರಡನೇದ್ದು ಇಲ್ಲೇ, ಈ ಒಳಕೋಲ್ಯಾಗ. ಅದು ಅಳಲೇ ಇಲ್ಲ. ಆಮ್ಯಾಲ ನೀ."

ಆ ಒಳಕೋಣೆಯಲ್ಲೇ ನಾನು ಇಪ್ಪತ್ತು ವರ್ಷ ಮಲಗಿ ಎದ್ದಿದ್ದೆ. ಬಾಯಿಗೆ ಬಂದದ್ದು ಒಂದೇ ಮಾತು: "ಮತ್ತ ಅವತ್ತ ಯಾಕ ಹೇಳ್ಲಿಲ್ಲವ್ವ?"

"ನೀ ಎಲ್ಲಾರ ಮನ್ಯಾಗೂ ಕೇಳಿದಿ. ನಮ್ಮ ಮನ್ಯಾಗ ನೀನ ಬರಕೊಂಡಿ" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ತಿಂಗಳುಗಟ್ಟಲೆ ನನ್ನ ಜೊತೆ ಬಿಸಿಲಲ್ಲಿ ನಡೆದು, ಹೊಸ್ತಿಲು ಹೊಸ್ತಿಲಲ್ಲಿ ಕುಳಿತು, ಕಂಡವರನ್ನೆಲ್ಲ ನಾನು ಕೇಳುವುದನ್ನು ಕೇಳಿಸಿಕೊಂಡಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

ಮುಂದೆ ನಾಲ್ಕೂ ತಾಲೂಕುಗಳಲ್ಲಿ ಮತ್ತೆ ಕೇಳಿದೆವು. ಅವ್ವನ ಪ್ರಶ್ನೆ ಫಾರ್ಮಿನಲ್ಲಿ ಮೊದಲನೆಯದಾಗಿ ಅಚ್ಚಾಯಿತು. ಅರವತ್ತರ ದಶಕ ಶುರುವಾಗುವಷ್ಟರಲ್ಲಿ ಹಿರೇಬೆಂಡಿಗೇರಿಯ ಆಚೆಯ ಆ ಹಳ್ಳಿಗೇ ನರ್ಸಮ್ಮ ಬಂದಳು. ನನ್ನ ಕೆಲಸ ಹೋಗಲಿಲ್ಲ, ಅಲ್ಲಿಂದಲೇ ಬೆಳೆಯಿತು. ಆದರೆ ಅದೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ನಾನು ಕಣ್ಣೊರೆಸಿಕೊಂಡು ಪೆನ್ನು ತೆಗೆದೆ. ಮೂರು ಎಂಬುದನ್ನು ಹೊಡೆದು ಐದು ಎಂದು ಬರೆದೆ. ತೀರಿಕೊಂಡವು: ಎರಡು. ನನ್ನ ಮುಂದಿದ್ದ ಒಂದನ್ನು ಹೊಡೆದು ಮೂರು ಮಾಡಿದೆ. ಓದಲು ಬಾರದ ಅವ್ವ ಬಗ್ಗಿ ಆ ಹಾಳೆಯನ್ನೇ ನೋಡಿದಳು.

"ಅವರನ್ನೂ ಬರದೀಯೇನು?"

"ಬರದೆ."

"ಇಬ್ಬರನ್ನೂ?"

"ಇಬ್ಬರನ್ನೂ ಬರದೇನಿ ಅವ್ವ."

ಅವಳು ಮೊರ ಕೆಳಗಿಟ್ಟು, ಸೆರಗು ಕೊಡವಿ ಎದ್ದಳು. "ಹಂಗಾರ ನಡಿ, ಇನ್ನ ಒಂಬತ್ತು ಮನಿ ಅದಾವು" ಎಂದಳು.