ಶರಣಮ್ಮ ಕಲಸಿದ ಪುರಿ

ಪೀಣ್ಯದ ಆ ಕಾರ್ಖಾನೆಯಲ್ಲಿ ಆಯುಧಪೂಜೆಯ ಪುರಿ ಕಲಸುವುದು ಶರಣಮ್ಮನ ಪಾಲಿನ ಕೆಲಸ. ಯಾರೂ ನೇಮಿಸಿದ್ದಲ್ಲ. ಕೊಟ್ಟೂರಿನ ಕಡೆಯಿಂದ ಮದುವೆಯಾಗಿ ಮಾಕಳಿಗೆ ಬಂದು, ಬೋಲ್ಟು ನಟ್ಟು ತೊಳೆದು ನೋಡುವ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾರೋ ಬರೀ ಕಡಲೆಪುರಿ ಹಂಚುತ್ತಿದ್ದರು. "ಇದೇನ್ರೀ, ಗುಬ್ಬಿಗೆ ಹಾಕ್ದಂಗೆ!" ಎಂದು ಸೆರಗು ಸಿಕ್ಕಿಸಿ ಕೂತವಳು ಮತ್ತೆ ಏಳಲಿಲ್ಲ. ಹುರಿಗಡಲೆ, ಬೆಲ್ಲದ ಚೂರು, ಕೊಬ್ಬರಿ ಹಾಕಿ ಅವಳು ಎರಡೂ ಕೈಯಿಂದ ತಳ ಎತ್ತಿ ತಿರುವಿದರೇ ಹಬ್ಬ ಹಬ್ಬದಂತಿರುತ್ತಿತ್ತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಆ ಕೈಯ ಬೆರಳ ತುದಿಗಳು ಬೆಳ್ಳಗಾದವು.

"ಥಿನ್ನರ್ ಸುಟ್ಟಿದೆ," ಎಂದರು ಎಲ್ಲರೂ. ದಿನವಿಡೀ ಅದರಲ್ಲಿ ಕೈಯದ್ದಿ ಜಿಡ್ಡು ತೊಳೆಯುವವರಿಗೆ ಅದೇನು ದೊಡ್ಡ ಮಾತಲ್ಲ. ಪಕ್ಕದ ಮೇಜಿನ ಕಮಲಮ್ಮ, ಒಂದೇ ಡಬ್ಬಿಯಲ್ಲಿ ಉಣ್ಣುವ ಗೆಳತಿ, ತಾನೇ ಕೊಬ್ಬರಿ ಎಣ್ಣೆ ಹಚ್ಚಿದಳು. ಮಳೆಗಾಲಕ್ಕೆ ತುಟಿಯಂಚಿನಲ್ಲೂ ಒಂದು ಬಿಳಿ ಚುಕ್ಕೆ ಮೂಡಿತು. ಥಿನ್ನರ್ ಅಲ್ಲಿಗೇಕೆ ಹೋಗುತ್ತದೆ? ಕಮಲಮ್ಮನ ಡಬ್ಬಿ ಮೆಲ್ಲಗೆ ಊಟದ ಬೆಂಚಿನ ಆ ತುದಿಗೆ ಸರಿಯಿತು.

"ತೊನ್ನು ಕಣೇ. ಮೀನು ತಿಂದು ಹಾಲು ಕುಡ್ದಿರ್ತಾಳೆ," ಎಂದಿತು ನಲ್ಲಿಯ ಬಳಿ ಒಂದು ದನಿ.

ಶರಣಮ್ಮ ಅಲ್ಲೇ ತಿರುಗಿದಳು. "ನಮ್ ಮನ್ಯಾಗ ಮೀನಿನ ವಾಸ್ನಿ ಕಂಡೋರೂ ಇಲ್ಲ. ಬ್ಯಾರೆ ಪಾಪ ಹುಡುಕ್ರಿ."

ಚರ್ಮದ ಡಾಕ್ಟರಮ್ಮ ಅವಳ ಕೈಯನ್ನು ತಮ್ಮ ಬರಿಗೈಯಲ್ಲೇ ಹಿಡಿದು ನೋಡಿದರು. "ಮೈಯೊಳಗೆ ಒಂದು ಕಾವಲು ಪಡೆ ಇದೆಯಮ್ಮಾ. ರೋಗ ಬಂದ್ರೆ ಹೊಡೆಯೋದು ಅದರ ಕೆಲಸ. ನಿಮ್ಮಲ್ಲಿ ಅದು ಬಣ್ಣ ಕೊಡೋ ಕಣಗಳನ್ನೇ ಶತ್ರು ಅಂದ್ಕೊಂಡಿದೆ. ಮಚ್ಚೆಯ ಅಂಚಿನಲ್ಲಿ ಆ ಕಾವಲಿನ ಕಣಗಳು ಗುಂಪು ಕಟ್ಟಿರೋದನ್ನ ಈಗೀಗ ಕಂಡುಕೊಂಡಿದ್ದಾರೆ. ಯಾಕೆ ಹಾಗೆ ಅಂತ ಇನ್ನೂ ಪೂರ್ತಿ ಗೊತ್ತಾಗಿಲ್ಲ."

"ನನ್ನಿಂದ ಯಾರಿಗಾದ್ರೂ ಅಂಟುತ್ತಾ?"

"ಇಲ್ಲ. ಮುಟ್ಟಿದ್ರೂ ಇಲ್ಲ, ಜೊತೇಲಿ ಉಂಡ್ರೂ ಇಲ್ಲ."

ಬಸ್ಸಿನಲ್ಲಿ ಅವಳಿಗೆ ಕಾರ್ಖಾನೆಯ ವಾಚ್‌ಮನ್ ಚಿಕ್ಕಮುನಿಯಪ್ಪ ನೆನಪಾದ. ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದ ಯಜಮಾನರನ್ನೇ ಗುರುತು ಸಿಗದೆ ಗೇಟಿನಲ್ಲಿ ತಡೆದು ಕೋಲೆತ್ತಿದ್ದವನು. ಅವನ ತಪ್ಪಿಗೆ ಯಜಮಾನರೇನು ತಲೆ ತಗ್ಗಿಸಿ ನಡೆದರೇ? ಕಿಟಕಿಗೆ ಮುಖವೊಡ್ಡಿ ಅವಳು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಅತ್ತಳು.

ಪೂಜೆಯ ಬೆಳಿಗ್ಗೆ ಸೂಪರ್‌ವೈಸರ್ ಸುಧೀಂದ್ರ ಪಕ್ಕಕ್ಕೆ ಕರೆದರು. "ನೋಡಮ್ಮಾ, ಜನ ಗುಸುಗುಸು ಅಂತಿದಾರೆ. ಥಿನ್ನರ್ ಸುಟ್ಟಿದ್ದು ಅಂತ ನಾನೇ ಎಲ್ಲರ ಮುಂದೆ ಹೇಳ್ಬಿಡ್ತೀನಿ. ನೀವು ಗ್ಲೌಸ್ ಹಾಕ್ಕೊಂಡು ಕಲಸಿ. ಮುಗೀತು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಒಂದು ಸುಳ್ಳು, ಒಂದು ಜೊತೆ ಗ್ಲೌಸು. ಅವಳ ಜಾಗ ಅವಳಿಗೇ ಉಳಿಯುತ್ತಿತ್ತು.

"ಬ್ಯಾಡ ಸಾರ್," ಎಂದಳು. "ಸುಟ್ಟಿದ್ದು ಅಂದ್ರೆ ಕನಿಕರ, ತೊನ್ನು ಅಂದ್ರೆ ಹೇಸಿಗೆ. ಕೈ ಅದೇ ಅಲ್ವಾ?"

ಚೆಂಡುಹೂ ಮುಡಿಸಿದ ಯಂತ್ರಗಳ ನಡುವೆ ಕುಳಿತು ಅವಳು ಬಳೆ ಹಿಂದಕ್ಕೆ ಸರಿಸಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು: "ಇದು ತೊನ್ನೇ. ನನ್ ಮೈಯೊಳಗಿನ ಕಾವಲುಗಾರ್ರು ನಮ್ಮ ಚಿಕ್ಕಮುನಿಯಪ್ಪನಂಗೆ, ಮನೆಯೋರ ಗುರುತೇ ಹಿಡೀಲಿಲ್ಲ. ಯಾರಿಗೂ ಅಂಟಲ್ಲ ಅಂತ ಡಾಕ್ಟ್ರು ಹೇಳ್ಯಾರ. ಬೇಕಾದೋರು ತಗೊಳ್ರಿ, ಬ್ಯಾಡಾದೋರು ಬಿಡ್ರಿ."

"ನನ್ನ ಯಾಕಕ್ಕ ಎಳೀತೀಯ!" ಚಿಕ್ಕಮುನಿಯಪ್ಪ ಬಾಗಿಲಲ್ಲಿ ಗೊಣಗಿದ. ಯಾರೋ ಕಿಸಕ್ಕೆಂದರು. ಬರಿಗೈ ಪುರಿಯ ರಾಶಿಗೆ ಇಳಿಯಿತು.

ಕೆಲವರು ತೆಗೆದುಕೊಂಡರು. ಹಲವರು ತೆಗೆದುಕೊಳ್ಳಲಿಲ್ಲ. ಕಮಲಮ್ಮ ಬಾಳೆಹಣ್ಣು ಮಾತ್ರ ಹಿಡಿದು ಹೊರಟಳು. ಉಳಿದ ಪುರಿಯನ್ನು ಶರಣಮ್ಮ ಚೀಲಕ್ಕೆ ತುಂಬಿ ಮನೆಗೆ ಒಯ್ದಳು.

ಹಬ್ಬದ ರಜೆ ಮುಗಿಸಿ ಬಂದ ದಿನ ಊಟದ ಹೊತ್ತಿಗೆ ಆ ಚೀಲವನ್ನು ಬೆಂಚಿನ ನಟ್ಟನಡುವೆ ಬಿಚ್ಚಿಟ್ಟು, ತಾನೇ ಮೊದಲು ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಯಾರನ್ನೂ ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಆ ತುದಿಯಿಂದ ಒಂದು ಕೈ ಚಾಚಿತು. ಅಗಿಯುವ ಸದ್ದು.

"ಮೆತ್ತಗಾಗಿದೆ ಕಣೇ," ಎಂದಳು ಕಮಲಮ್ಮ, ಅವಳತ್ತ ನೋಡದೆ.

"ಅವತ್ತೇ ತಿಂದಿದ್ರೆ ಗರಿಗರಿ ಇರ್ತಿತ್ತು," ಎಂದಳು ಶರಣಮ್ಮ.